ಸ್ಪಷ್ಟನೆ: ಫ್ಲೋರಿಡಾದಲ್ಲಿ ಮನೆ ತೆರಿಗೆ ರದ್ದಾಗಿಲ್ಲ

"ಗವರ್ನರ್ ಡಿಸ್ಯಾಂಟಿಸ್ ಮನೆ ತೆರಿಗೆ ರದ್ದು ಮಾಡಿದ್ದಾರೆ, 2025ರ ಬಿಲ್ ಕಟ್ಟಬೇಡಿ" ಅನ್ನೋ ಮೆಸೇಜ್ ಇಲ್ಲಿನ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಸ್ವಂತ ವಾಸದ ಮನೆಗಳ ಮೇಲಿನ ತೆರಿಗೆ ಹೋಗಬೇಕು ಅಂತ ಅವರು ಹೇಳುತ್ತಿರುವುದು ನಿಜ. ಆದರೆ ಅದು ಪ್ರಸ್ತಾಪ ಅಷ್ಟೆ. ಈ ತೆರಿಗೆ ಹಾಕುವುದು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ), ನಗರ, ಶಾಲಾ ಮಂಡಳಿಗಳು. ರಾಜ್ಯ ಸರ್ಕಾರ ಅಲ್ಲ. ಅದನ್ನು ತೆಗೆಯಲು ರಾಜ್ಯದ ಸಂವಿಧಾನವೇ ತಿದ್ದುಪಡಿಯಾಗಬೇಕು. ಶಾಸನಸಭೆ ತಿದ್ದುಪಡಿ ತರಬೇಕಾದರೆ ಎರಡೂ ಸದನಗಳಲ್ಲಿ ಐದರಲ್ಲಿ ಮೂರು ಭಾಗ ಒಪ್ಪಬೇಕು, ಆಮೇಲೆ ಶೇ. 60ರಷ್ಟು ಮತದಾರರು ಹೂಂ ಅನ್ನಬೇಕು. ಗವರ್ನರ್ ಸಹಿಯಿಂದ ಆಗುವ ಕೆಲಸ ಇದಲ್ಲ.

ತೆರಿಗೆ ಇಳಿದರೆ ಮತದಾರಳಾಗಿ ನನಗೂ ಖುಷಿಯೇ. ಆದರೆ ಫೈರ್ ಸ್ಟೇಷನ್, ಪೊಲೀಸ್, ಲೈಬ್ರರಿಗೆ ದುಡ್ಡು ಎಲ್ಲಿಂದ? ಇಲ್ಲಿ ರಾಜ್ಯದ ಆದಾಯ ತೆರಿಗೆಯೂ ಇಲ್ಲ ಅಲ್ವಾ? ಆ ಉತ್ತರ ಸಿಗುವವರೆಗೆ ನಾನು ಒಪ್ಪುವುದಿಲ್ಲ.

ಬಿಲ್ ಬಂದಿದ್ದರೆ ದಯವಿಟ್ಟು ಕಟ್ಟಿ. ನವೆಂಬರ್‌ನಲ್ಲೇ ಕಟ್ಟಿದರೆ ಶೇ. 4 ರಿಯಾಯಿತಿ ಇದೆ. ತಿಂಗಳು ಕಳೆದಂತೆ ಅದು ಕಡಿಮೆಯಾಗುತ್ತದೆ. ಏಪ್ರಿಲ್ 1ಕ್ಕೆ ಬಾಕಿ ಅಂತ ದಾಖಲಾಗಿ ದಂಡ ಬೀಳುತ್ತದೆ. ಆ ಮೆಸೇಜನ್ನು ಮುಂದಕ್ಕೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.