ಒತ್ತಲೇನೋ?

ಟೆಕ್ಸಾಸಿನಲ್ಲಿ ಪಿಕಪ್ ಟ್ರಕ್ ಇಲ್ಲದವನನ್ನು ಅಕ್ಕಪಕ್ಕದವರು ಒಂಥರಾ ಅನುಮಾನದಿಂದಲೇ ನೋಡುತ್ತಾರೆ. ಟ್ರಕ್ ಬಂತು. ಬಂದಮೇಲೆ ಎಳೆಯೋಕೆ ಏನಾದರೂ ಬೇಕಲ್ಲ ಅಂತ ಹೆಂಡತಿ ಹಳೇ ಕ್ಯಾಂಪರ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ) ಒಂದನ್ನು ಹುಡುಕಿದಳು. ಈ ರಾಜ್ಯದಲ್ಲಿ ಒಟ್ಟು ತೂಕ 4,500 ಪೌಂಡ್ ದಾಟಿದ ಟ್ರೇಲರಿಗೆ ಸ್ವಂತ ಬ್ರೇಕ್ ಬೇಕು. ಇದಕ್ಕಿತ್ತು, ಕರೆಂಟಿನಿಂದ ಹಿಡಿಯುವಂಥದ್ದು. ಆದರೆ ನನ್ನ ಟ್ರಕ್ಕಿನ ಹಿಂದಿದ್ದದ್ದು ನಾಲ್ಕು ಪಿನ್ನಿನ ಚಪ್ಪಟೆ ಕನೆಕ್ಟರ್. ಅರ್ತಿಂಗ್, ಪಾರ್ಕಿಂಗ್ ಲೈಟ್, ಎಡ, ಬಲ, ಅಲ್ಲಿಗೆ ಮುಗೀತು. ಬ್ರೇಕಿಗೆ ಕರೆಂಟ್ ಹೋಗಬೇಕಾದರೆ ಏಳು ಪಿನ್ನಿನ ದುಂಡು ಸಾಕೆಟ್, ಡ್ಯಾಶ್‌ಬೋರ್ಡ್ ಕೆಳಗೊಂದು ಬ್ರೇಕ್ ಕಂಟ್ರೋಲರ್, ಬ್ಯಾಟರಿಯಿಂದ ದಪ್ಪ ವೈರ್ ಎಲ್ಲ ಬೇಕು. ಅಂಗಡಿಯವರು ಕೂಲಿ ಹೇಳಿದ್ದೇ ತಡ, ನನಗೆ ವೈರಿಂಗ್ ಕೆಲಸದ ಮೇಲೆ ಏಕಾಏಕಿ ಪ್ರೀತಿ ಹುಟ್ಟಿತು.

ಮಂಡ್ಯದಿಂದ ಬಂದಿದ್ದ ಅಮ್ಮನಿಗೆ ಇದೆಲ್ಲ ಅತಿ ಅನ್ನಿಸಿತು. "ನಮ್ಮೂರ ಟ್ರ್ಯಾಕ್ಟರು ಕಬ್ಬು ತುಂಬ್ಕೊಂಡು ಫ್ಯಾಕ್ಟ್ರಿಗೆ ಹೋಗಲ್ವಾ? ಟ್ರೇಲರಿಗೆ ಬ್ರೇಕ್ ಇರ್ಲಿ, ಹಿಂದೆ ಒಂದು ಲೈಟೂ ಇರಲ್ಲ." (ರಾತ್ರಿ ಅದರ ಹಿಂದೆ ಬೈಕಿನಲ್ಲಿ ಹೋದವರ ಅಭಿಪ್ರಾಯ ಬೇರೆ ಇರಬಹುದು.)

ಕಂಟ್ರೋಲರಿನ ಕಪ್ಪು ವೈರ್ ಬ್ಯಾಟರಿಗೆ, ಬಿಳಿ ಅರ್ತಿಂಗಿಗೆ, ನೀಲಿ ಟ್ರೇಲರ್ ಬ್ರೇಕಿಗೆ. ತಕರಾರು ಕೆಂಪಿನದು. ಬ್ರೇಕ್ ಪೆಡಲ್ ಒತ್ತಿದಾಗ ಮಾತ್ರ ಕರೆಂಟ್ ಬರುವ ವೈರನ್ನು ಹುಡುಕಿ ಅದಕ್ಕೆ ಜೋಡಿಸಬೇಕು. ಅಂದರೆ ಟೆಸ್ಟ್ ಲ್ಯಾಂಪ್ ಹಿಡಿದು ಒಬ್ಬ ಪೆಡಲಿನ ಪಕ್ಕ ತಲೆ ಇಟ್ಟು ಅಂಗಾತ ಮಲಗಬೇಕು, ಇನ್ನೊಬ್ಬರು ಸೀಟಲ್ಲಿ ಕೂತು ಒತ್ತಬೇಕು. ಹೆಂಡತಿ ಆಫೀಸಿಗೆ ಹೋಗಿದ್ದಳು.

"ಒತ್ತಲೇನೋ?"

"ಒತ್ತಮ್ಮ."

"ನಿನ್ ಮೂಗಿದೆಯಲ್ಲೋ ಅಲ್ಲಿ!"

ಜೀವಮಾನದಲ್ಲಿ ಸೈಕಲ್ಲೂ ಹೊಡೆಯದ ಅಮ್ಮ ಚಪ್ಪಲಿ ಬಿಟ್ಟು, ದೇವಸ್ಥಾನದ ಹೊಸಿಲು ದಾಟುವಷ್ಟು ಮೆತ್ತಗೆ ಪೆಡಲ್ ಮುಟ್ಟಿದಳು. ಲ್ಯಾಂಪ್ ಉರಿಯಲಿಲ್ಲ. "ಜೋರಾಗಿ ಒತ್ತು" ಅಂದೆ. ಈ ಸಲ ಆಯ ತಪ್ಪದಿರಲಿ ಅಂತ ಸ್ಟಿಯರಿಂಗ್ ಹಿಡಿದುಕೊಂಡಳು, ಹಾರ್ನ್ ಬಡಿಯಿತು, ನನ್ನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಲ್ಯಾಂಪ್ ಮಾತ್ರ ಚೆನ್ನಾಗಿ ಉರಿಯಿತು.

ಸಾಕೆಟ್ ಕೂರಿಸಿ ಟ್ರೇಲರ್ ಸಿಕ್ಕಿಸಿದೆ. ಹೆಡ್‌ಲೈಟ್ ಹಾಕಿದರೆ ಟ್ರೇಲರಿನ ಬಲಗಡೆಯ ಇಂಡಿಕೇಟರ್ ಹತ್ತಿಕೊಂಡು ಕೂತಿತು. ಬಲಕ್ಕೆ ಸಿಗ್ನಲ್ ಕೊಟ್ಟರೆ ಹಿಂದಿನ ಪಾರ್ಕಿಂಗ್ ಲೈಟ್‌ಗಳು ಮಿಟುಕಿದವು. ಎಡಕ್ಕೆ ಏನೂ ಇಲ್ಲ. ಜಂಕ್ಷನ್ ಬಾಕ್ಸ್ ಬಿಚ್ಚಿದಾಗ ಹಳೇ ಮಾಲೀಕನ ಮಹಿಮೆ ಗೊತ್ತಾಯಿತು: ಸಾಮಾನ್ಯ ಟ್ರೇಲರಿನ ಹೊಸ ಕೇಬಲ್ ಹಾಕಿ, ಕ್ಯಾಂಪರಿನ ಹಳೇ ವೈರುಗಳಿಗೆ ಬಣ್ಣಕ್ಕೆ ಬಣ್ಣ ಸೇರಿಸಿದ್ದ. ಸಾಮಾನ್ಯ ಟ್ರೇಲರ್ ಕೇಬಲಿನಲ್ಲಿ ಕಂದು ಪಾರ್ಕಿಂಗ್ ಲೈಟಿಗೆ, ಹಸಿರು ಬಲಕ್ಕೆ, ಹಳದಿ ಎಡಕ್ಕೆ. ಕ್ಯಾಂಪರುಗಳ ಸಂಪ್ರದಾಯದಲ್ಲಿ ಕಂದು ಬಲಕ್ಕೆ, ಹಸಿರು ಪಾರ್ಕಿಂಗಿಗೆ, ಕೆಂಪು ಎಡಕ್ಕೆ. ಪುಣ್ಯಕ್ಕೆ ಬ್ರೇಕಿನ ನೀಲಿ ಎರಡರಲ್ಲೂ ನೀಲಿಯೇ.

ಎಲ್ಲ ಬಿಚ್ಚಿ ಮತ್ತೆ ಸೇರಿಸಿದೆ. ಬ್ರೇಕ್ ಒತ್ತಿದರೆ ಚಕ್ರಗಳಿಂದ ಸಣ್ಣಗೆ ಗುಂಯ್ ಎಂಬ ಸದ್ದು. ಪ್ರತಿ ಡ್ರಮ್ಮಿನೊಳಗೂ ಒಂದು ವಿದ್ಯುತ್ಕಾಂತ ಇರುತ್ತೆ. ಕರೆಂಟ್ ಬಂದರೆ ಅದು ತಿರುಗುವ ಡ್ರಮ್ಮಿಗೆ ಕಚ್ಚಿಕೊಂಡು ಲಿವರ್ ಎಳೆಯುತ್ತೆ, ಬ್ರೇಕ್ ಶೂ ಅಗಲವಾಗುತ್ತೆ. ಒಂದೊಂದಕ್ಕೆ ಸುಮಾರು 3 ಆಂಪಿಯರ್, ನಾಲ್ಕು ಚಕ್ರಕ್ಕೆ 12.

ಮಾರನೇ ದಿನ ಬೆಳಿಗ್ಗೆ ಗೇರ್ ಹಾಕಿ ಹೊರಟರೆ ಟ್ರೇಲರ್ ಕದಲಲಿಲ್ಲ. ಆಕ್ಸಿಲರೇಟರ್ ಇನ್ನಷ್ಟು ಒತ್ತಿದೆ. ಅದು ಉರುಳದೆ, ಜಲ್ಲಿಯ ಮೇಲೆ ಎರಡು ಗೆರೆ ಎಳೆಯುತ್ತ ಬಂತು. ಫ್ಯೂಸ್, ಕಂಟ್ರೋಲರ್, ಹೊಸ ಜಾಯಿಂಟ್ ಎಲ್ಲ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಟ್ರೇಲರಿನ ಮೂತಿಯ ಹತ್ತಿರ ಬ್ರೇಕ್‌ಅವೇ ಸ್ವಿಚ್ ಕಣ್ಣಿಗೆ ಬಿತ್ತು. ಟ್ರೇಲರ್ ಕಳಚಿಕೊಂಡು ಓಡಿದರೆ ಅದರ ಪಿನ್ ಕಿತ್ತುಬಂದು, ಟ್ರೇಲರಿನದೇ ಬ್ಯಾಟರಿಯಿಂದ ಬ್ರೇಕ್ ಬೀಳುವ ಏರ್ಪಾಡು ಅದು. ಪಿನ್ ಇರಲಿಲ್ಲ.

ಅಮ್ಮ ಒಳಗಿಂದ ತಂದುಕೊಟ್ಟಳು. "ಬಿದ್ದುಹೋಗೋ ಹಂಗೆ ನೇತಾಡ್ತಿತ್ತು. ರಾತ್ರಿನೇ ತೆಗೆದು ದೇವರ ಮನೇಲಿ ಇಟ್ಟಿದ್ದೆ." ನಾನು ಬಾಯಿ ತೆಗೆಯುವುದರೊಳಗೆ ಜಲ್ಲಿಯ ಮೇಲಿನ ಗೆರೆಗಳನ್ನು ನೋಡಿ ಅಂದಳು: "ಬ್ರೇಕು ಹಿಡಿಯುತ್ತೋ ಇಲ್ವೋ ಅಂತ ನಿನ್ನೆಯಿಂದ ಒದ್ದಾಡ್ತಿದ್ದೆ. ನೋಡು, ಎಷ್ಟ್ ಚೆನ್ನಾಗಿ ಹಿಡೀತಿದೆ!"