ಅದು ನಾರ್ಮಲ್ ಸೌಂಡ್ ರೀ ಸರ

ಕನ್ನಡದಲ್ಲಿ ಸದ್ದಿಗೆ ಬರವಿಲ್ಲ. ಗಲಗಲ, ಕಟಕಟ, ಖಣಖಣ, ಗಡಗಡ, ಟಿಕ್‌ಟಿಕ್, ಸುಂಯ್, ಪುಸ್. ಒಂದೊಂದಕ್ಕೂ ಒಂದೊಂದು ಜಾತಕ. ಆದರೆ ಹುಬ್ಬಳ್ಳಿಯ ಯಾವ ಸರ್ವಿಸ್ ಸೆಂಟರಿಗೆ ಹೋದರೂ ಗಾಡಿಯ ದೂರು ಬರೆಯುವ ಜಾಬ್ ಕಾರ್ಡಿನಲ್ಲಿ ಇವೆಲ್ಲ ಸೇರಿ ಒಂದೇ ಸಾಲು: ‘ನಾಯ್ಸ್ ಫ್ರಂಟ್ ಸೈಡ್, ಚೆಕ್’. ಹತ್ತು ಲಕ್ಷ ಸುರಿದು ತಂದ, ನುಗ್ಗಿಕೇರಿ ಹನುಮಪ್ಪನ ಎದುರು ಗಾಲಿಗೊಂದರಂತೆ ನಾಲ್ಕು ನಿಂಬೆಹಣ್ಣು ತುಳಿದ, ಸೀಟಿನ ಪ್ಲಾಸ್ಟಿಕ್ ಇನ್ನೂ ಹರಿಯದ ಟರ್ಬೊ ಹ್ಯಾಚ್‌ಬ್ಯಾಕಿನ ಸಂಕಟವೆಲ್ಲ ಆ ನಾಲ್ಕು ಪದಗಳಲ್ಲಿ ಮುಗಿಯಬೇಕು. ಕಾರ್ಡು ಬರೆಯುವ ಸರ್ವಿಸ್ ಅಡ್ವೈಸರನ ಉತ್ತರ ಅದಕ್ಕಿಂತ ಮೊದಲೇ ತಯಾರಿರುತ್ತದೆ: “ಅದು ನಾರ್ಮಲ್ ಸೌಂಡ್ ರೀ ಸರ. ಈ ಮಾಡೆಲ್‌ನಾಗ ಎಲ್ಲಾ ಗಾಡಿಗೂ ಹಂಗ ಬರ್ತೈತ್ರಿ.”

ಎರಡನೇ ವಾಕ್ಯದ ತರ್ಕ ನೋಡಿ. ಊರಲ್ಲಿ ಒಬ್ಬನಿಗೆ ಜ್ವರ ಬಂದರೆ ರೋಗ, ಊರಿಗೆಲ್ಲ ಬಂದರೆ ಆರೋಗ್ಯ. ನಂಬದಿದ್ದರೆ ಯಾರ್ಡಿನಿಂದ ಇನ್ನೊಂದು ಹೊಸ ಗಾಡಿ ತಂದು ಪಕ್ಕದಲ್ಲೇ ನಿಲ್ಲಿಸಿ, ಬಾನೆಟ್ ಎತ್ತಿ ಕೇಳಿಸುತ್ತಾರೆ. ಅದೂ ಗಲಗಲ ಅನ್ನುತ್ತದೆ. ಎರಡು ಗಾಡಿ ಕೆಟ್ಟಿವೆ ಎಂದು ಸಾಬೀತಾದ ಮೇಲೆ ಒಂದೂ ಕೆಟ್ಟಿಲ್ಲ ಎಂದು ತೀರ್ಪಾಗುತ್ತದೆ.

ಅಡ್ವೈಸರ್ ಹೇಳುವುದು ಪೂರಾ ಸುಳ್ಳೂ ಅಲ್ಲ, ಅಷ್ಟು ನ್ಯಾಯ ಮಾಡೋಣ. ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಬಿಡುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಾದರೆ ಇಂಜೆಕ್ಟರುಗಳು ಹೊಲಿಗೆ ಮಷೀನಿನಂತೆ ಟಿಕ್‌ಟಿಕ್ ಅನ್ನಲೇಬೇಕು. 200 ಬಾರ್ ಆಸುಪಾಸಿನ ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುವವರು ಪಿಸುಗುಟ್ಟುವುದಿಲ್ಲ. ಆಕ್ಸಲರೇಟರ್ ಥಟ್ಟನೆ ಬಿಟ್ಟಾಗ ಬರುವ ಪುಸ್, ಗಾಡಿ ಆರಿಸಿದ ಮೇಲೂ ಒಂದೆರಡು ನಿಮಿಷ ತಿರುಗುವ ಫ್ಯಾನ್, ಮೂರು ಸಿಲಿಂಡರಿನ ಸಣ್ಣ ನಡುಕ ಎಲ್ಲವೂ ಹುಟ್ಟುಗುಣ.

ಗಲಗಲದ ಮಾತು ಬೇರೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ, ಇಲ್ಲವೇ 1,500ರಿಂದ 2,000 ಆರ್‌ಪಿಎಂ ನಡುವೆ ಕಾಲು ಸಡಿಲಿಸಿದಾಗ ತಗಡಿನ ಡಬ್ಬಿಯೊಳಗೆ ಮೊಳೆ ಅಲ್ಲಾಡಿಸಿದಂತೆ ಕೇಳಿದರೆ ಮೊದಲು ನೋಡಬೇಕಾದದ್ದು ಹೀಟ್ ಶೀಲ್ಡ್, ಅಂದರೆ ಬಿಸಿ ತಡೆಯುವ ತಗಡು. ಅದರ ಒಂದು ಬೋಲ್ಟ್ ಸಡಿಲಾಗಿದ್ದರೆ ಬಿಗಿದು ಮನೆಗೆ ಹೋಗಬಹುದು. ಅದು ಬಿಗಿಯಾಗಿದ್ದರೆ ಅನುಮಾನ ವೇಸ್ಟ್‌ಗೇಟಿನ ಮೇಲೆ. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು; ಅದಕ್ಕೆ ಬೇಡವಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ಸಣ್ಣ ಬಾಗಿಲೇ ವೇಸ್ಟ್‌ಗೇಟ್. ಬಾಗಿಲಿನ ಕೀಲು ಸವೆದರೆ, ಅಥವಾ ಅದನ್ನು ಎಳೆಯುವ ಸರಳು ಸಡಿಲಾದರೆ ಗಾಳಿಗೆ ಕಿಟಕಿ ಬಡಿದಂತೆ ಬಡಿಯುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಆ ಸರಳನ್ನು ಬೆರಳಿನಿಂದ ಅಲ್ಲಾಡಿಸಿದರೆ ಎಷ್ಟು ಆಟ ಇದೆ ಎಂದು ಗೊತ್ತಾಗುತ್ತದೆ. (ಬಿಸಿ ಇರುವಾಗ ಮುಟ್ಟಿದರೆ ಗೊತ್ತಾಗುವುದೇ ಬೇರೆ.) ಆಟ ಹೆಚ್ಚಿದಂತೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಇಳಿಯುತ್ತದೆ. ಕೊನೆಗೊಂದು ದಿನ ಎಂಜಿನ್ ದೀಪ ಹೊತ್ತಿ ಪಿ0299 ಎಂಬ ಕೋಡ್ ಬರುತ್ತದೆ. ಟರ್ಬೊ ಒತ್ತಡ ಸಾಲುತ್ತಿಲ್ಲ ಎಂದು ಅದರ ಅರ್ಥ. ಎಷ್ಟೋ ಮಾಡೆಲ್‌ಗಳಲ್ಲಿ ಆ ಬಾಗಿಲು ಬಿಡಿಯಾಗಿ ಸಿಗುವುದೇ ಇಲ್ಲ, ಪೂರ್ತಿ ಟರ್ಬೊವನ್ನೇ ಬದಲಿಸಬೇಕು. ವಾರಂಟಿಯ ಕಾಲದಲ್ಲಿ ಆ ಸದ್ದು ಯಾಕೆ ಅಷ್ಟು ನಾರ್ಮಲ್ ಆಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಇನ್ನು ದರ್ಶನದ ನಿಯಮ. ದೋಷ ಎಂಬುದು ಭಕ್ತನಿಗೆ ಕಂಡರೆ ಸಾಲದು, ಪೂಜಾರಿಗೂ ಕಾಣಬೇಕು. ಗಲಗಲ ಹೆಚ್ಚಾಗಿ ಬರುವುದು ತಣ್ಣಗಿನ ಎಂಜಿನ್ನಿನಲ್ಲಿ. ಗದಗಿನಿಂದ ಹೊರಟ ಗಾಡಿ ಸುಮಾರು 60 ಕಿ.ಮೀ. ಓಡಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ, ಹಾವೇರಿಯದಾದರೆ ಇನ್ನೂ ಒಂದಿಷ್ಟು ಹೆಚ್ಚೇ ಓಡಿ, ಕಾದು ಕೆಂಪಾಗಿ ಮಠದ ಸ್ವಾಮಿಯಷ್ಟು ಶಾಂತವಾಗಿರುತ್ತದೆ. “ಸೌಂಡ್ ಬರವಲ್ದಲ್ರೀ ಸರ.” ಸರಿ, ರಾತ್ರಿ ಬಿಟ್ಟು ಹೋಗಿ ಎನ್ನುತ್ತಾರೆ. ಬಿಟ್ಟು ಹೋದರೆ ಬೆಳಿಗ್ಗೆ ಎಂಟಕ್ಕೆ ವಾಷಿಂಗ್ ಹುಡುಗ ಬಂದು ಗಾಡಿ ಸ್ಟಾರ್ಟ್ ಮಾಡಿ ನೀರಿನ ಹತ್ತಿರ ಒಯ್ಯುತ್ತಾನೆ. ಗಲಗಲವನ್ನು ಕೇಳಿದ ಏಕೈಕ ಪುಣ್ಯವಂತ ಅವನೇ. ಅವನ ಮಾತು ಜಾಬ್ ಕಾರ್ಡಿಗೆ ಬರುವುದಿಲ್ಲ. ಟೆಕ್ನಿಷಿಯನ್ ಹತ್ತೂವರೆಗೆ ಬಂದು, ಕಾದ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿ ‘ಕಂಪ್ಲೇಂಟ್ ನಾಟ್ ಅಬ್ಸರ್ವ್ಡ್’ ಎಂದು ಬರೆಯುತ್ತಾನೆ. ಹಾಗಾಗಿ ರಾತ್ರಿ ಬಿಡುವವರು ‘ಟೆಕ್ನಿಷಿಯನ್ ಬರುವವರೆಗೆ ಸ್ಟಾರ್ಟ್ ಮಾಡಬಾರದು, ವಾಷಿಂಗ್ ಬೇಡ’ ಎಂದು ಕಾರ್ಡಿನಲ್ಲಿ ಬರೆಸಬೇಕು, ಸ್ಟಿಯರಿಂಗ್ ಮೇಲೂ ಒಂದು ಚೀಟಿ ಅಂಟಿಸಬೇಕು. ಮನೆಯಲ್ಲೇ ಬಾನೆಟ್ ಎತ್ತಿ, ಮೀಟರಿನ ಕಿಲೋಮೀಟರ್ ಕಾಣುವಂತೆ ಶುರುಮಾಡಿ, ಮೊದಲ ಸ್ಟಾರ್ಟಿನ ವಿಡಿಯೊ ಒಂದೇ ಓಟದಲ್ಲಿ ತೆಗೆದಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ದರ್ಶನವೂ ಆಯಿತು, ಸದ್ದು ಬಂತು ಅಂತಲೇ ಇಟ್ಟುಕೊಳ್ಳಿ. ಆಗ ಹೊರಬರುವುದು ಸಾಫ್ಟ್‌ವೇರ್ ಅಪ್‌ಡೇಟ್. ಹಿಂದಿನವರು ತಾಯತ ಕಟ್ಟುತ್ತಿದ್ದರಲ್ಲ, ಅದರ ಈಗಿನ ರೂಪ. ಪಿಕಪ್ ಇಲ್ಲ, ಸುಂಯ್ ಎನ್ನುತ್ತದೆ ಎಂದರೂ ಅಪ್‌ಡೇಟ್. ಅಲ್ಲಿ ಆಗಬೇಕಾದ ಕೆಲಸ ಹತ್ತು ನಿಮಿಷದ್ದು. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಥ್ರಾಟಲ್ಲಿಗೆ ಹೋಗುವ ಹೋಸ್‌ಪೈಪಿನ ಕ್ಲಿಪ್ಪುಗಳನ್ನು ಒಮ್ಮೆ ಮುಟ್ಟಿ ನೋಡಬೇಕು. ಸಂದಿನ ಸುತ್ತ ಎಣ್ಣೆಯ ತೆಳು ಪಸೆ ಇದ್ದರೆ ಚಿಂತೆಯಿಲ್ಲ, ಎಂಜಿನ್ನಿನ ಉಸಿರಿನ ಜೊತೆ ಅಷ್ಟು ಬರುತ್ತದೆ. ತೊಟ್ಟಿಕ್ಕುತ್ತಿದ್ದರೆ ಗಾಳಿ ಅಲ್ಲೇ ಸೋರುತ್ತಿರಬಹುದು ಎಂದು ಅನುಮಾನಿಸಬೇಕು. ಸ್ಮೋಕ್ ಮಷೀನ್ ಹಾಕಿದರೆ ಹೊಗೆಯೇ ಬೆರಳು ತೋರಿಸುತ್ತದೆ. ಲ್ಯಾಪ್‌ಟಾಪ್ ಜೋಡಿಸಿದರೆ ಕ್ಲಿಪ್ ಬಿಗಿಯಾಗುವುದಿಲ್ಲ, ಕೋಡ್ ಅಳಿಸುತ್ತದೆ ಅಷ್ಟೇ. ಕೋಡ್ ಅಳಿಸಿತು ಎಂದರೆ ಸಾಕ್ಷಿ ಸತ್ತಂತೆ. ಹಲವು ದೋಷಗಳು ಒಂದೇ ಓಡಾಟಕ್ಕೆ ದೀಪ ಹಚ್ಚುವುದಿಲ್ಲ. ಮೊದಲ ಸಲ ‘ಪೆಂಡಿಂಗ್’ ಎಂದು ಕೂತಿದ್ದು, ಮುಂದಿನ ಓಡಾಟದಲ್ಲೂ ಕಂಡರೆ ಮಾತ್ರ ದೀಪ. ಸ್ಟಿಯರಿಂಗ್ ಕೆಳಗೆ ಕೋಡ್ ಓದಲೆಂದೇ ಇರುವ ಓಬಿಡಿ ಪೋರ್ಟಿಗೆ ಚುಚ್ಚುವ ಬ್ಲೂಟೂತ್ ಡಾಂಗಲ್ ಒಂದು ಸಾವಿರದ ಆಚೀಚೆಗೆ ಸಿಗುತ್ತದೆ. ಗಾಡಿ ಒಪ್ಪಿಸುವ ಮೊದಲು ಪೆಂಡಿಂಗ್ ಕೋಡ್, ಅದರ ಜೊತೆ ಸಿಕ್ಕರೆ ಫ್ರೀಜ್ ಫ್ರೇಮ್, ಅಂದರೆ ದೋಷ ಕಂಡ ಕ್ಷಣದ ಆರ್‌ಪಿಎಂ, ಲೋಡು, ಕೂಲಂಟ್ ಉಷ್ಣತೆ, ಇಷ್ಟರ ಸ್ಕ್ರೀನ್‌ಶಾಟ್ ಇಟ್ಟುಕೊಂಡವರ ಜೊತೆ ಅಡ್ವೈಸರ್ ಸ್ವಲ್ಪ ಮೆತ್ತಗೆ ಮಾತಾಡುತ್ತಾನೆ.

ಆಟೋಮ್ಯಾಟಿಕ್ ಕೊಂಡವರ ಗಡಗಡಕ್ಕೆ ಇನ್ನೊಂದು ಶಾಸ್ತ್ರ. ಡ್ರೈ ಕ್ಲಚ್ಚಿನ (ಎಣ್ಣೆಯಲ್ಲಿ ಮುಳುಗದ ಕ್ಲಚ್ಚಿನ) ಡಿಸಿಟಿ, ಅಂದರೆ ಜೋಡಿ ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ತೆವಳುವ ಟ್ರಾಫಿಕ್ಕಿನಲ್ಲಿ ಅರ್ಧ ಕ್ಲಚ್ಚಿನಲ್ಲೇ ಉಜ್ಜುತ್ತ ಬಿಸಿಯಾಗುತ್ತದೆ, ಮೊದಲ ಗೇರಿನಲ್ಲಿ ನಡುಗುತ್ತದೆ. ಕಂಪನಿಯ ಸಲಹೆ ಹೀಗೆ: ತೆವಳಿಸಬೇಡಿ, ಮುಂದೆ ಮೂರ್ನಾಲ್ಕು ಮೀಟರ್ ಜಾಗ ಆಗಲಿ, ಆಮೇಲೆ ಒಮ್ಮೆಲೇ ಹೋಗಿ. ಏರಿನಲ್ಲಿ ಆಕ್ಸಲರೇಟರಿನಿಂದ ಗಾಡಿ ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಒತ್ತಿ. ಸಲಹೆ ಸರಿಯಾಗಿಯೇ ಇದೆ. ಆದರೆ ಅದನ್ನು ಬರೆದವನು ಹುಬ್ಬಳ್ಳಿಯ ಉಣಕಲ್ ಕ್ರಾಸ್ ನೋಡಿದವನಲ್ಲ. ತನಗೇ ಮೀಸಲಾದ ನಡುವಿನ ಹಾದಿಯಲ್ಲಿ ಚಿಗರಿ (ಜಿಂಕೆ) ಎಂಬ ಬಸ್ಸು ಹೆಸರಿಗೆ ತಕ್ಕಂತೆ ಜಿಗಿದು ಹೋಗುತ್ತದೆ. ಪಕ್ಕದಲ್ಲಿ ಉಳಿದವರು ಮೂರು ಮೀಟರ್ ಜಾಗ ಬಿಟ್ಟರೆ ಎರಡು ಬೈಕು, ಒಂದು ಆಟೊ, ಒಂದು ಎಮ್ಮೆ ಬಂದು ನಿಲ್ಲುತ್ತವೆ. ವರ್ಕ್‌ಶಾಪಿನವರು ಕ್ಲಚ್ ಅಡಾಪ್ಟೇಶನ್, ಅಂದರೆ ಕ್ಲಚ್ ಹಿಡಿಯುವ ಬಗ್ಗೆ ಕಂಪ್ಯೂಟರ್ ಕಲಿತ ಲೆಕ್ಕ, ರೀಸೆಟ್ ಮಾಡಿ ಕೊಡುತ್ತಾರೆ, ಒಂದಷ್ಟು ದಿನ ಬೆಣ್ಣೆ. ಪ್ಲೇಟೇ ಮೆರುಗುಗಟ್ಟಿದ್ದರೆ ನಡುಕ ಮತ್ತೆ ಹಾಜರ್. ಪ್ಲೇಟ್ ಬದಲಿಸಿ ಎಂದರೆ ಕ್ಲಚ್ ‘ವೇರ್ ಅಂಡ್ ಟೇರ್’ ಪಟ್ಟಿಯಲ್ಲಿದೆ, ವಾರಂಟಿ ಇಲ್ಲ.

ವಾರಂಟಿ ಪುಸ್ತಕ ಅಂದರೆ ಬ್ಯಾಡಗಿ ಮೆಣಸಿನಕಾಯಿ. ಬಣ್ಣ ನೋಡಿದರೆ ಬಾಯಲ್ಲಿ ಬೆಂಕಿ ಏಳಬೇಕು, ಕಚ್ಚಿದರೆ ಖಾರವೇ ಇಲ್ಲ. ‘3 ವರ್ಷ, 1 ಲಕ್ಷ ಕಿ.ಮೀ.’ ಎಂಬುದು ದಪ್ಪಕ್ಷರ. ಬ್ರೇಕ್ ಪ್ಯಾಡ್, ವೈಪರ್, ಬೆಲ್ಟ್, ರಬ್ಬರು, ಕ್ಲಚ್ಚು, ಗಾಡಿಯ ಓಟಕ್ಕೆ ಅಡ್ಡಿಯಾಗದ ಸದ್ದು, ಇವೆಲ್ಲ ಇರುವೆಯಕ್ಷರದಲ್ಲಿ ಹೊರಗೆ. ಇಲಿ ವೈರು ಕಡಿದರೂ ಹೊರಗೆ. ಹುಬ್ಬಳ್ಳಿಯಂಥ ಗಣೇಶೋತ್ಸವದ ಊರಿನಲ್ಲಿ ಗಣಪನ ವಾಹನ ನಿಮ್ಮ ವಾಹನವನ್ನು ಕಡಿದರೆ ಅದು ದೈವೇಚ್ಛೆ. ಬದಲಿಸಿದ ಭಾಗಕ್ಕೂ ಸಾಮಾನ್ಯವಾಗಿ ಹಳೆಯ ವಾರಂಟಿ ಎಷ್ಟು ಉಳಿದಿದೆಯೋ ಅಷ್ಟೇ ಆಯಸ್ಸು. ಆ ಭಾಗ ಬರುವತನಕ ಗಾಡಿ ಶೆಡ್ಡಿನಲ್ಲಿ ನಿಂತ ದಿನಗಳೂ ಅದೇ ಲೆಕ್ಕದಲ್ಲಿ ಕರಗುತ್ತವೆ. “ಪಾರ್ಟ್ ಟ್ರಾನ್ಸಿಟ್‌ನಾಗ ಐತ್ರಿ ಸರ.” 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಇರುವ ಊರಿನಲ್ಲಿ ಒಂದು ಕೇಜಿಯ ಸಾಮಾನಿಗೆ ಇಳಿಯಲು ಜಾಗ ಸಿಕ್ಕಿರುವುದಿಲ್ಲ.

ಜಾಗ ಸಿಗುವತನಕ ತಪ್ಪು ಯಾರದ್ದು ಎಂಬ ವಿಚಾರಣೆ ನಡೆಯುತ್ತದೆ. ಮೊದಲ ಆರೋಪಿ ಪೆಟ್ರೋಲ್ ಬಂಕು. ಎರಡನೆಯವ ರಸ್ತೆ. ಮೂರನೆಯವ ಹೊರಗೆ ಹಾಕಿಸಿದ ಹಾರ್ನು. ಕೊನೆಗೆ ಸಿಕ್ಕಿಬೀಳುವವನು ಮಾಲೀಕ: “ಹೈವೇದಾಗ ಹೊಡದು ಬಂದು ಒಂದು ನಿಮಿಷ ಐಡಲ್ ಬಿಡಬೇಕಾಗಿತ್ರಿ, ಟರ್ಬೊ ತಣ್ಣಗಾಗಬೇಕಲ್ರೀ?” ಮಾತಿನಲ್ಲಿ ಹುರುಳಿದೆ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೊದ ಬೇರಿಂಗ್ ಬದುಕುವುದೇ ಎಣ್ಣೆಯ ಹರಿವಿನಲ್ಲಿ. ಬಿಸಿಯಲ್ಲೇ ಥಟ್ಟನೆ ಆರಿಸಿದರೆ ಒಳಗೆ ನಿಂತ ಎಣ್ಣೆ ಸುಟ್ಟು ಕರಿ ಕಟ್ಟುತ್ತದೆ. ಆದರೆ ಅದೇ ಕಂಪನಿ ಅದೇ ಗಾಡಿಯಲ್ಲಿ ಸ್ಟಾರ್ಟ್-ಸ್ಟಾಪ್ ಕೊಟ್ಟಿದೆ. ನರೇಂದ್ರ ಬೈಪಾಸ್ ಹೊಡೆದು ಬಂದ ಎಂಜಿನ್ನನ್ನು ಚೆನ್ನಮ್ಮ ಸರ್ಕಲ್ಲಿನಲ್ಲಿ ಅದು ಯಾರನ್ನೂ ಕೇಳದೆ ತಾನೇ ಆರಿಸುತ್ತದೆ. ಕಂಪ್ಯೂಟರ್ ಆರಿಸಿದರೆ ಇಂಧನ ಉಳಿತಾಯ, ಮನುಷ್ಯ ಆರಿಸಿದರೆ ದುರ್ಬಳಕೆ.

ಕೂಲಂಟಿನದು ಇನ್ನೂ ಸರಳ. ಹೊಸ ಗಾಡಿಯಲ್ಲಿ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಇಳಿಯಬಾರದು. ಇಳಿದಿದೆ ಎಂದರೆ ಬಾಟಲಿ ತಂದು ತುಂಬಿಸಿ ಬಿಲ್ಲಿಗೆ ಹಾಕುತ್ತಾರೆ, ಹೋದದ್ದು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಥರ್ಮೋಸ್ಟಾಟ್ ಹೌಸಿಂಗ್, ವಾಟರ್ ಪಂಪ್, ಟರ್ಬೊಗೆ ಹೋಗುವ ಸಣ್ಣ ಪೈಪಿನ ಜೋಡಣೆ, ಇಲ್ಲೆಲ್ಲ ಒಣಗಿದ ಬಣ್ಣದ ಪುಡಿ ಕಂಡರೆ ಅದೇ ಕಳ್ಳನ ಹೆಜ್ಜೆ. ಎಂಜಿನ್ ತಣ್ಣಗಿರುವಾಗ ಕೂಲಂಟ್ ವ್ಯವಸ್ಥೆಗೆ ಕೈಪಂಪಿನಿಂದ ಒಂದು ಬಾರ್‌ನಷ್ಟು ಒತ್ತಡ ಕೊಟ್ಟು ಕಾಲು ಗಂಟೆ ಮುಳ್ಳು ಕದಲುತ್ತದೆಯೇ ನೋಡಿದರೆ ಸಾಕು. ಡಿಕಾರ್ಬನೈಸಿಂಗ್, ಟೆಫ್ಲಾನ್ ಕೋಟಿಂಗ್, ಎಸಿ ಸುಗಂಧ ಎಲ್ಲಕ್ಕೂ ಸಮಯ ಇರುವ ಜಾಗದಲ್ಲಿ ಆ ಕಾಲು ಗಂಟೆ ಮಾತ್ರ ಇರುವುದಿಲ್ಲ.

ತಾಳ್ಮೆ ಮುಗಿದವರಿಗೆ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿ ಇದೆ, ಅದೂ ಮುಗಿದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಗದಗಿನವರು ಗದಗಿನಲ್ಲೇ, ಹಾವೇರಿಯವರು ಹಾವೇರಿಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಕೊಟ್ಟ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಶುಲ್ಕ 200 ರೂಪಾಯಿ, 20 ಲಕ್ಷದವರೆಗೆ 400. ಸರ್ವಿಸ್ ಬಿಲ್ಲಿನ ಸುಗಂಧದ ಸಾಲಿಗಿಂತ ಕಡಿಮೆಯೇ ಇದ್ದೀತು. ದೋಷ ಪರೀಕ್ಷೆಯಿಲ್ಲದೆ ಗೊತ್ತಾಗುವಂಥದ್ದಲ್ಲ ಎಂದಾದರೆ ಆಯೋಗವೇ ಪ್ರಯೋಗಾಲಯದ ವರದಿ ತರಿಸಬಹುದು. ಅಲ್ಲಿ ನಡೆಯುವುದು ಕಾಗದ, ಬಾಯಿಮಾತಲ್ಲ. ‘ನಾಯ್ಸ್, ಚೆಕ್’ ಎಂಬ ಸಾಲಿಗೆ ಸಹಿ ಹಾಕದೆ ‘ತಣ್ಣಗಿನ ಸ್ಟಾರ್ಟಿನಲ್ಲಿ ಎಂಜಿನ್ ಹಿಂಬದಿ ಟರ್ಬೊ ಕಡೆಯಿಂದ ಗಲಗಲ, 20 ಸೆಕೆಂಡ್, ಮೂರನೇ ಸಲದ ದೂರು’ ಎಂದು ಬರೆಸಿ ಫೋಟೊ ತೆಗೆದುಕೊಳ್ಳಬೇಕು. ಅಡ್ವೈಸರ್ ಸಿಸ್ಟಮ್‌ನಾಗ ಅಷ್ಟು ಜಾಗ ಇಲ್ರಿ ಅನ್ನುತ್ತಾನೆ. ಅದೇ ಮಾತನ್ನು ಅಲ್ಲೇ ನಿಂತು ಇಮೇಲ್ ಮಾಡಿ.

ಇಮೇಲಿಗೆ ಉತ್ತರ ಬರುವುದಿಲ್ಲ, ಫೋನು ಬರುತ್ತದೆ.

“ನಮಸ್ಕಾರ್ರೀ ಸರ, ಸರ್ವಿಸ್ ಬಗ್ಗೆ ಫೀಡ್‌ಬ್ಯಾಕ್‌ಗೆ ಮಾಡೇವ್ರಿ. ಗಾಡಿ ಈಗ ಹೆಂಗ ಓಡಾಕತ್ತೈತ್ರಿ?”

“ಗಾಡಿ ಇನ್ನೂ ನಿಮ್ಮ ಶೆಡ್ಡಿನಾಗನ ಐತ್ರೀ ತಂಗಿ. ಹನ್ನೊಂದು ದಿನಾ ಆತು.”

“ಹಂಗಾದ್ರ ಸೌಂಡ್ ಏನೂ ಬರವಲ್ದಲ್ರೀ ಸರ? ಹತ್ತಕ್ಕ ಹತ್ತು ಹಾಕ್ಕೊಳ್ಳೇನ್ರಿ?”