ಅವ್ವನ ಬಡಿಗೆ ಬಲಗೈಯಲ್ಲೇ ಇರಲಿ

ಇಂದು ಮುಂಜಾನೆ ವಿಜಯಪುರದ ಸಿದ್ಧೇಶ್ವರ ಗುಡಿಯ ಮುಂದೆ ಅವ್ವನನ್ನು ನಿಲ್ಲಿಸಿ, ಚಪ್ಪಲಿ ಬಿಟ್ಟು ಬರುವಷ್ಟರಲ್ಲಿ, ಗುರುತು ಪರಿಚಯವಿಲ್ಲದ ಗೃಹಸ್ಥರೊಬ್ಬರು ಅವಳ ಬಲಗೈಯಲ್ಲಿದ್ದ ಬಡಿಗೆಯನ್ನು ತೆಗೆದು ಎಡಗೈಗೆ ಕೊಡುತ್ತಿದ್ದರು. "ಯವ್ವಾ, ನೋವಿದ್ದ ಕಾಲಿನ ಕಡೇನ ಹಿಡೀಬೇಕ್ರಿ, ಮನ್ಯಾಗ ಯಾರೂ ಹೇಳಿಲ್ಲೇನು?" ಮನೆಯವನು ಹಿಂದೆಯೇ ನಿಂತಿದ್ದೆ. ಈ ತಿಂಗಳಲ್ಲಿ ಇದು ನಾಲ್ಕನೆಯ ತಿದ್ದುಪಡಿ.

ಅವ್ವನ ಎಡ ಸೊಂಟದ ಕೀಲು ಸವೆದಿರುವುದು ನಿಮಗೆಲ್ಲ ಗೊತ್ತೇ ಇದೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ನಾವು ಒಂದು ಗಳಿಗೆ ಒಂಟಿ ಕಾಲಿನ ಮೇಲಿರುತ್ತೇವೆ. ಆಗ ಎತ್ತಿದ ಕಾಲಿನ ಕಡೆಗೆ ವಾಲಲು ನೋಡುವ ಮೈಯನ್ನು, ಊರಿದ ಕಾಲಿನ ಸೊಂಟದ ಹೊರಬದಿಯ ಸ್ನಾಯುಗಳು ಎಳೆದು ಹಿಡಿಯಬೇಕು. ಅವು ಕೀಲಿಗೆ ತೀರ ಹತ್ತಿರವಿರುವುದರಿಂದ, ಬಾಗಿಲನ್ನು ತಿರುಗಣಿಯ ಪಕ್ಕದಲ್ಲೇ ಹಿಡಿದು ನೂಕಿದಂತೆ, ಬಹಳ ಬಲ ಹಾಕಬೇಕಾಗುತ್ತದೆ. ಮೈಭಾರವೂ ಈ ಎಳೆತವೂ ಸೇರಿ ಕೀಲಿನ ಮೇಲೆ ಬೀಳುವ ಒತ್ತಡ ಮೈತೂಕದ ಸುಮಾರು 2.5ರಿಂದ 3 ಪಟ್ಟು. ಅವ್ವನ ತೂಕ 60 ಕಿಲೋ. ಸವೆದ ಕೀಲಿನ ಮೇಲೆ ಹೆಜ್ಜೆಗೊಮ್ಮೆ ಒಂದೂವರೆ ಕ್ವಿಂಟಲ್ ಜೋಳ ಹೇರಿದಂತೆ. ಅದಕ್ಕೇ ಅವಳು ಎಡಗಾಲು ಊರಿದಾಗ ಮೈಯನ್ನು ಎಡಕ್ಕೇ ವಾಲಿಸಿ, ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ, ಬಲಗಾಲನ್ನು ಲಗುಬಗೆಯಿಂದ ಮುಂದಿಡುತ್ತಾಳೆ.

ಬಡಿಗೆ ಬಲಗೈಯಲ್ಲಿದ್ದು ಎಡಗಾಲಿನ ಜೊತೆಗೇ ನೆಲ ಮುಟ್ಟಿದರೆ, ಮೈ ವಾಲುವ ಕಡೆಗೇ, ಕೀಲಿನಿಂದ ದೂರದಲ್ಲಿ ಆಸರೆ ಸಿಗುತ್ತದೆ. ಸ್ನಾಯುಗಳು ಅಷ್ಟು ಎಳೆಯಬೇಕಾಗಿಲ್ಲ, ಕೀಲಿಗೂ ಅಷ್ಟು ಒತ್ತಡವಿಲ್ಲ. ಎಡಗೈಗೆ ಬಂದರೆ ಈ ಲಾಭವೆಲ್ಲ ಹೋಯಿತು. ಕಾಯಿಪಲ್ಯೆಯ ಚೀಲದ ಮಾತು ಬೇರೆ: ಹಿಡಿಯಲೇಬೇಕೆಂದರೆ ಅದು ನೋವಿದ್ದ ಕಡೆಯ ಕೈಯಲ್ಲಿರಬೇಕು. ಇದನ್ನು ಹೇಳಿದರೆ ಜನ ನನ್ನ ಮುಖವನ್ನೇ ನೋಡುತ್ತಾರೆ.

ಬಿರುಕು ಬಿಟ್ಟ ತೊಲೆಯ ಕೆಳಗೇ ಕಂಬ ಕೊಡುತ್ತೇವಲ್ಲವೇ ಎಂದು ಆ ಗೃಹಸ್ಥರು ಕೇಳಿದರು. ಕೊಡುತ್ತೇವೆ, ಸ್ವಾಮಿ. ಆದರೆ ತೊಲೆ ಗುಡಿಗೆ ನಡೆದುಕೊಂಡು ಬರುವುದಿಲ್ಲ.

ಇಷ್ಟು ಸಿಟ್ಟಾಗುವ ಅಧಿಕಾರ ನನಗಿದೆಯೇ ಎಂದರೆ, ಇಲ್ಲ. ಅವ್ವ ಮೊದಲು ಮೊಣಕಾಲು ನೋವೆಂದಾಗ ಮೂರು ತಿಂಗಳು ಮೊಣಕಾಲಿಗೇ ಎಣ್ಣೆ ತಿಕ್ಕಿದವನು ನಾನು. ಸೊಂಟದ ಕೀಲಿನ ನೋವು ತೊಡೆಸಂದಿನಲ್ಲಷ್ಟೇ ಅಲ್ಲ, ಮೊಣಕಾಲಿನಲ್ಲೂ ಕಾಣಿಸಿಕೊಳ್ಳಬಹುದೆಂಬುದು ಎಕ್ಸ್‌ರೇ ತೆಗೆಸಿದ ದಿನ ತಿಳಿಯಿತು. ಬಡಿಗೆ ತಂದಾಗ ಅದನ್ನು ಎಡಗೈಗೇ ಕೊಟ್ಟವನೂ ನಾನೇ. 22 ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಸನ್ನೆಕೋಲಿನ ಪಾಠ ಮಾಡುವ ನನ್ನನ್ನು ತಿದ್ದಿದ್ದು, ನನ್ನ ಮಗಳ ವಯಸ್ಸಿನ ಫಿಸಿಯೋಥೆರಪಿಸ್ಟ್.

ಅವ್ವ ಮಾತ್ರ ಆ ಗೃಹಸ್ಥರಿಗೆ "ಹೌದಪಾ" ಎಂದು, ಹತ್ತು ಹೆಜ್ಜೆ ಮುಂದೆ ಹೋಗಿ, ಸದ್ದಿಲ್ಲದೆ ಬಡಿಗೆಯನ್ನು ಬಲಗೈಗೆ ಬದಲಿಸಿಕೊಂಡಳು. ಮನೆಗೆ ಬಂದ ಮೇಲೆ, "ಮುಂದಿನ ಸೋಮವಾರ ಬಡಿಗಿ ಬ್ಯಾಡ, ನಿನ್ನ ಹೆಗಲ ಹಿಡಕೊಂಡು ಬರ್ತೀನಿ" ಎಂದಿದ್ದಾಳೆ. ಆಗಲಿ ಎಂದೆ. ಬಲಗಡೆ ನಿಲ್ಲುತ್ತೇನೆ.